ಕುಂಡದ ದಾಸವಾಳ: ಎಲೆ ಹಾಳಾದಾಗ ಮೊದಲು ಎಲ್ಲಿ ನೋಡಬೇಕು?

ದಾಸವಾಳದ ಎಲೆ ಹಳದಿ ಆಯ್ತು ಅಂದರೆ ಸಾಕು, ಕೈ ನೇರವಾಗಿ ಗೊಬ್ಬರದ ಚೀಲಕ್ಕೆ ಹೋಗುತ್ತದೆ. ಇಲ್ಲವೇ ಬೇವಿನ ಎಣ್ಣೆ ಬಾಟಲಿಗೆ. ಸ್ವಲ್ಪ ತಡೆಯಿರಿ. ಹಳದಿ ಅನ್ನುವುದು ರೋಗದ ಹೆಸರಲ್ಲ, ನಮಗೆ ಜ್ವರ ಬಂದ ಹಾಗೆ ಅಷ್ಟೇ. ನೀರು ಜಾಸ್ತಿಯಾದರೂ ಹಳದಿ, ಸಾಲದಿದ್ದರೂ ಹಳದಿ, ಸಾರಜನಕ ಕಡಿಮೆಯಾದರೂ ಹಳದಿ, ನುಸಿ ಹತ್ತಿದರೂ ಹಳದಿ, 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಇಟ್ಟರೂ ಹಳದಿ. ಹಾಗಾಗಿ ಬಣ್ಣ ಆಮೇಲೆ. ಮೊದಲು ಜಾಗ ನೋಡಿ. ಹಾಳಾಗಿರುವುದು ಗಿಡದ ಯಾವ ಎಲೆ, ಆ ಎಲೆಯಲ್ಲಿ ಯಾವ ಭಾಗ, ಮೇಲೋ ಅಡಿಯೋ? ಇಷ್ಟು ಗೊತ್ತಾದರೆ ಅರ್ಧ ಅನುಮಾನಗಳು ಅಲ್ಲೇ ಹೋಗುತ್ತವೆ.

ಕೆಳಗಿನ ಎಲೆಯಾ, ತುದಿಯ ಎಲೆಯಾ?

ಇದು ಯಾಕೆ ಮುಖ್ಯ ಅಂದರೆ, ಗಿಡದೊಳಗೆ ಕೆಲವು ಪೋಷಕಾಂಶಗಳು ಓಡಾಡುತ್ತವೆ, ಕೆಲವು ಇದ್ದಲ್ಲೇ ಇರುತ್ತವೆ. ಸಾರಜನಕ, ಮೆಗ್ನೀಸಿಯಂ, ಪೊಟ್ಯಾಶ್ ಓಡಾಡುವ ಜಾತಿ. ಇವು ಸಾಲದಾದಾಗ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಅದಕ್ಕೇ ಪೆಟ್ಟು ಕೆಳಗಿನ ಎಲೆಗೆ. ಎಲೆ ಪೂರ್ತಿ ಒಂದೇ ಸಮ ಬಿಳಚಿಕೊಂಡರೆ ಸಾರಜನಕದ ಮೇಲೆ ಅನುಮಾನ ಪಡಿ. ಹಳೆ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಜಾಗ ಹಳದಿಯಾದರೆ ಮೆಗ್ನೀಸಿಯಂ. ಅಂಚು ಮಾತ್ರ ಸುಟ್ಟ ಹಾಗಿದ್ದರೆ ಪೊಟ್ಯಾಶ್ ಇರಬಹುದು, ಆದರೆ ಕುಂಡದ ಗಿಡದಲ್ಲಿ ಅಂಚು ಸುಡಲು ಬೇರೆ ಕಾರಣವೂ ಇದೆ, ಅದು ಮುಂದೆ.

ಕಬ್ಬಿಣ ಕದಲುವುದಿಲ್ಲ. ಆದ್ದರಿಂದ ಅದರ ಕೊರತೆ ಕಾಣುವುದು ಹೊಸ ಎಲೆಯಲ್ಲಿ. ಚಿಗುರೆಲೆ ನಿಂಬೆಹಳದಿ, ಅದರ ಮೇಲೆ ತೆಳು ಹಸಿರು ನರಗಳ ಬಲೆ, ಕೆಳಗಿನ ಹಳೆ ಎಲೆಗಳು ಮಾತ್ರ ಗಟ್ಟಿ ಹಸಿರು. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಇಲ್ಲೊಂದು ತಿರುವು ಇದೆ: ಎಷ್ಟೋ ಸಲ ಮಣ್ಣಿನಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಬೇರಿಗೆ ಸಿಗುವುದಿಲ್ಲ ಅಷ್ಟೇ. ಗಡಸು ನೀರು ಹಾಕುತ್ತಾ ಹೋದರೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7ರ ಮೇಲೆ ಏರಿ ಕ್ಷಾರವಾಗುತ್ತದೆ, ಆಗ ಕಬ್ಬಿಣ ಕರಗದೆ ಕೂರುತ್ತದೆ. ಹೂ ಜಾಸ್ತಿ ಬರಲಿ ಅಂತ ರಂಜಕದ ಗೊಬ್ಬರ ಸುರಿದರೂ ಇದೇ ಗತಿ. ಇಂಥ ಮಣ್ಣಿಗೆ ಚಿಲೇಟೆಡ್ ಕಬ್ಬಿಣ, ಅಂದರೆ ಬೇರಿಗೆ ಸಿಗುವ ಹಾಗೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟ ಕಬ್ಬಿಣ, ಕೊಡುವುದಾದರೆ ಆ ರಾಸಾಯನಿಕ ಯಾವುದು ಅಂತ ಪ್ಯಾಕೆಟ್ ಓದಿ. ಇಡಿಟಿಎ ಅಂತ ಇರುವುದು ಹುಳಿ ಮಣ್ಣಿಗೆ ಸರಿ, ಪಿಎಚ್ ಸುಮಾರು 6.5 ದಾಟಿದರೆ ಅದರ ಬಲ ಕುಂದುತ್ತದೆ. ಕ್ಷಾರ ಮಣ್ಣಿಗೆ ಇಡಿಡಿಎಚ್‌ಎ ಇರುವುದೇ ಬೇಕು.

ಅಂದ ಹಾಗೆ, ಎಲ್ಲಕ್ಕಿಂತ ಕೆಳಗಿನ ಒಂದೆರಡು ಎಲೆ ಆಗಾಗ ಹಳದಿಯಾಗಿ ಉದುರಿದರೆ ಅದು ವಯಸ್ಸು. ಸುಮ್ನೆ ಬಿಡಿ.

ಬೇರಿನ ಕಡೆ

ಎಲೆ ಬಾಡಿದೆ, ಮಣ್ಣು ಒಣಗಿದೆ: ನೀರು ಕೊಟ್ಟರೆ ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಇದರಲ್ಲಿ ಓದುವುದೇನಿಲ್ಲ. ಎಲೆ ಬಾಡಿದೆ, ಮಣ್ಣು ಒದ್ದೆಯಾಗಿದೆ ಅಂದರೆ ಮಾತ್ರ ಎಚ್ಚರ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತಿದೆ, ಕೊಳೆತ ಬೇರು ನೀರು ಎಳೆಯಲಾರದು, ಹಾಗಾಗಿ ನೀರಿನಲ್ಲೇ ಕೂತು ಗಿಡ ಬಾಡುತ್ತಿದೆ. ಬಾಡಿದ್ದು ನೋಡಿ ಇನ್ನಷ್ಟು ನೀರು ಸುರಿದರೆ ಮುಗಿಯಿತು. ಎರಡು ಇಂಚು ಆಳಕ್ಕೆ ಬೆರಳಿಟ್ಟು ನೋಡಿ, ಕುಂಡ ಎತ್ತಿ ಭಾರ ನೋಡಿ. ಆದರೂ ಅನುಮಾನ ಇದ್ದರೆ ಗಿಡವನ್ನು ಮಣ್ಣಿನ ಸಮೇತ ಮೆಲ್ಲಗೆ ಹೊರಗೆ ಎಳೆಯಿರಿ. ಒಳ್ಳೆಯ ಬೇರು ತಿಳಿ ಬಣ್ಣದ್ದು, ಗಟ್ಟಿ. ಕೊಳೆತದ್ದು ಕಂದು, ಚಿವುಟಿದರೆ ಸಿಪ್ಪೆ ಜಾರಿ ಒಳಗಿನ ನಾರು ಕೈಗೆ ಬರುತ್ತದೆ, ವಾಸನೆಯೂ ಹೊಡೆಯುತ್ತದೆ.

ಅಂಚು ಸುಟ್ಟ ಎಲೆ ಅಂದೆನಲ್ಲ, ಅದಕ್ಕೆ ಮಣ್ಣಿನ ಮೇಲ್ಭಾಗ ನೋಡಿ. ಬಿಳಿ ಪುಡಿ ಕಟ್ಟಿದ್ದರೆ ಗೊಬ್ಬರದ, ನೀರಿನ ಲವಣ ಸೇರಿಕೊಂಡಿದೆ. ನೆಲದಲ್ಲಾದರೆ ಮಳೆ ತೊಳೆದುಕೊಂಡು ಹೋಗುತ್ತಿತ್ತು, ಕುಂಡದಲ್ಲಿ ಹೋಗುವುದೆಲ್ಲಿಗೆ? ಕುಂಡದ ಅಳತೆಯ ಎರಡು ಮೂರು ಪಟ್ಟು ನೀರು ನಿಧಾನವಾಗಿ ಹಾಕಿ ತೂತಿನಿಂದ ಪೂರ್ತಿ ಹರಿಯಲು ಬಿಡಿ. ಬಿಸಿಲಿನ ಕಡೆ ಮುಖ ಮಾಡಿದ ಎಲೆಗಳಲ್ಲಿ ಮಾತ್ರ ಬಿಳಚಿದ ಕಲೆ ಇದ್ದು, ಅದರ ಮರೆಯಲ್ಲಿರುವ ಎಲೆ ಚೆನ್ನಾಗಿದ್ದರೆ ಅದು ಬಿಸಿಲು. ನೆರಳಲ್ಲಿದ್ದ ಗಿಡವನ್ನು ಒಂದೇ ಸಲ ಬಿಸಿಲಿಗೆ ಇಟ್ಟರೆ ಹೀಗಾಗುತ್ತದೆ.

ಎಲೆ ತಿರುಗಿಸಿ

ಈ ಭಾಗವನ್ನೇ ಎಲ್ಲರೂ ಬಿಡುವುದು. ಮೇಲ್ಭಾಗದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಬಿಳಿ ಚುಕ್ಕೆಗಳು, ಎಲೆಗೆ ಧೂಳು ಕೂತ ಹಾಗೆ ಮಂಕು, ಹವೆ ಬಿಸಿ ಮತ್ತು ಒಣ: ನುಸಿ ಇರಬೇಕು. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಎಲೆಯನ್ನು ಎರಡು ಸಲ ತಟ್ಟಿ. ಬಿದ್ದ ಧೂಳಿನಲ್ಲಿ ಕೆಲವು ಕಣಗಳು ನಿಧಾನವಾಗಿ ನಡೆಯಲು ಶುರು ಮಾಡಿದರೆ ಸಂದೇಹವೇ ಬೇಡ. ನುಸಿಗೆ ಎಂಟು ಕಾಲು, ಅದು ಜೇಡದ ಬಳಗ, ಕೀಟ ಅಲ್ಲ. ಆದ್ದರಿಂದ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಅದರ ಮೇಲೆ ನಡೆಯುವುದಿಲ್ಲ, ಕೆಲವೊಮ್ಮೆ ನುಸಿ ಜಾಸ್ತಿಯೇ ಆಗುತ್ತದೆ. ಎಲೆಯಡಿಗೆ ರಭಸವಾಗಿ ನೀರು ಹೊಡೆಯಿರಿ. ಅಥವಾ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ಮೊದಲು ಒಂದೇ ಎಲೆಯ ಮೇಲೆ ಪರೀಕ್ಷೆ ಮಾಡಿಕೊಂಡು. ಬಿಸಿ ಹವೆಯಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಒಂದು ವಾರ ಸಾಕು, ಹಾಗಾಗಿ ಒಂದೇ ಸಲ ಹೊಡೆದು ಬಿಟ್ಟರೆ ಪ್ರಯೋಜನ ಇಲ್ಲ.

ಎಲೆ ಅಂಟು ಅಂಟಾಗಿದೆ, ಕಪ್ಪು ಬೂಷ್ಟು ಹಿಡಿದಿದೆ ಅಂದರೆ ಆ ಎಲೆಯನ್ನು ಬಿಟ್ಟು ಅದರ ಮೇಲಿನ ಎಲೆಯ ಅಡಿ ನೋಡಿ. ಸಸ್ಯಹೇನು, ಬಿಳಿ ನೊಣ, ಹಿಟ್ಟು ತಿಗಣೆ ಅಲ್ಲಿ ಕೂತು ರಸ ಹೀರುತ್ತವೆ, ಸಿಹಿ ದ್ರವ ಕೆಳಗೆ ತೊಟ್ಟಿಕ್ಕುತ್ತದೆ, ಬೂಷ್ಟು ಬೆಳೆಯುವುದು ಅದರ ಮೇಲೆ. ಇರುವೆ ಸಾಲು ಕಾಂಡ ಹತ್ತುತ್ತಿದ್ದರೂ ಇದೇ ಸೂಚನೆ. ದಾಸವಾಳಕ್ಕೆ ಹಿಟ್ಟು ತಿಗಣೆ ಕಾಟ ಸ್ವಲ್ಪ ಜಾಸ್ತಿ. ಅದರಲ್ಲೂ ಗುಲಾಬಿ ಹಿಟ್ಟು ತಿಗಣೆ ಹತ್ತಿದರೆ ತುದಿ ಎಲೆಗಳು ಮುದುಡಿ ಗಂಟು ಕಟ್ಟಿದ ಹಾಗೆ ಆಗುತ್ತವೆ, ಅದರ ಜೊಲ್ಲಿನಲ್ಲೇ ವಿಷ ಇದೆ. ಆ ತುದಿ ಸರಿಹೋಗುವುದಿಲ್ಲ, ಕತ್ತರಿಸಿ ಕವರಿಗೆ ಹಾಕಿ ಕಟ್ಟಿ ಎಸೆಯಿರಿ, ಗಿಡದ ಪಕ್ಕದಲ್ಲೇ ಬಿಡಬೇಡಿ.

ತೂತುಗಳು ಸುಲಭ. ಕೆಳಗಿನ ಎಲೆ ಮೇಲೆ ಕಪ್ಪು ಹಿಕ್ಕೆ ಇದ್ದರೆ ಹುಳ, ಹೊಳೆಯುವ ಜಾಡು ಇದ್ದರೆ ಬಸವನಹುಳ, ಅಂಚಿನಲ್ಲಿ ಕತ್ತರಿ ಹಾಕಿದಂಥ ಅರ್ಧಚಂದ್ರ ಇದ್ದರೆ ಎಲೆ ಕತ್ತರಿಸುವ ಜೇನು. ಜೇನಿಗೆ ಔಷಧಿ ಬೇಡ, ಅದು ಗೂಡಿಗೆ ಎಲೆ ಒಯ್ಯುತ್ತದೆ ಅಷ್ಟೇ. ಎಲೆಯಲ್ಲಿ ಹಳದಿ ಉಂಗುರಗಳು ಕಂಡರೆ ಮಾತ್ರ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ, ಸವರಿದ ಕತ್ತರಿಯಿಂದಲೇ ಇನ್ನೊಂದು ಗಿಡಕ್ಕೆ ಹೋಗುತ್ತದೆ, ಕತ್ತರಿ ಶುಚಿ ಮಾಡದೆ ಮುಂದಿನ ಗಿಡ ಮುಟ್ಟಬೇಡಿ.

ಕಾರಣ ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ಗೊಬ್ಬರ, ಔಷಧಿ, ಹೊಸ ಮಣ್ಣು ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದು ಹೇಗೆ, ಅಲ್ವಾ? ಸುಟ್ಟ, ತೂತಾದ ಎಲೆ ಮತ್ತೆ ಸರಿಹೋಗುವುದಿಲ್ಲ, ಆದ್ದರಿಂದ ಫಲ ಬಂತೋ ಇಲ್ಲವೋ ಅಂತ ಚಿಗುರಿನಲ್ಲಿ ನೋಡಿ. ಅರ್ಧ ಹಸಿರಿರುವ ಎಲೆಯನ್ನು ಅಂದಕ್ಕಾಗಿ ಕೀಳಬೇಡಿ, ಹುಳ ಹತ್ತಿಲ್ಲದಿದ್ದರೆ ಅದು ಇನ್ನೂ ಗಿಡಕ್ಕೆ ಊಟ ಮಾಡಿಕೊಡುತ್ತಿರುತ್ತದೆ.