ಇಸಿಜಿ ನಾರ್ಮಲ್ ಬಂತು, ತಟ್ಟೆಯಲ್ಲಿ ಏನಿದೆ?

2025ರ ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದಿಂದಾದ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ಆಮೇಲೆ ನನ್ನ ಹತ್ತಿರವೂ ಕಾಲೇಜು ಹುಡುಗರು, ಹುಡುಗಿಯರು ಬರತೊಡಗಿದರು. ಹೃದಯದ ಬಡಿತ ನೋಡುವ ಇಸಿಜಿ ನಾರ್ಮಲ್ ಅಂದ ಕೂಡಲೇ ಎದ್ದು ಹೊರಡುತ್ತಾರೆ. ನಾನು ಕೂರಿಸಿ ಕೇಳುತ್ತೇನೆ: ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂದೆಯಪ್ಪಾ?

ಕ್ಲಾಸಿಗೆ ಲೇಟಾಯಿತು, ತಿಂಡಿ ಇಲ್ಲ. ಮಧ್ಯಾಹ್ನ ಮೆಸ್ಸಿನಲ್ಲಿ ರಾಶಿ ಅನ್ನ, ಮೇಲೆ ತಿಳಿ ಸಾರು. ಸಂಜೆ ಬೇಕರಿ ಪಫ್ಸ್, ಕೂಲ್ ಡ್ರಿಂಕ್ಸ್. ರಾತ್ರಿ ಫ್ರೈಡ್ ರೈಸ್, ಇಲ್ಲವೇ ರೂಮಿನಲ್ಲೇ ನೂಡಲ್ಸ್. ಹೆಚ್ಚುಕಮ್ಮಿ ಎಲ್ಲರ ಉತ್ತರವೂ ಇದೇ.

ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರಲು ಶುರುವಾಗಿದ್ದರೆ ಅದು ಇಸಿಜಿಯಲ್ಲಿ ಕಾಣುವುದಿಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಕೊಟ್ಟರು. ಅವರ ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಇತ್ತು. ಎಲ್‌ಡಿಎಲ್ ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಎಷ್ಟಿದೆ ಅನ್ನುವುದಷ್ಟೇ ಅಲ್ಲ, ಎಷ್ಟು ವರ್ಷದಿಂದ ಹಾಗಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಾಸ್ಟೆಲ್ ವರ್ಷಗಳೂ ಆ ಲೆಕ್ಕದೊಳಗೇ ಇವೆ.

ಬಿಳಿ ಅನ್ನ, ಮೈದಾ, ಸಕ್ಕರೆ ಜಾಸ್ತಿಯಾದರೆ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ನೋಡಲು ತೆಳ್ಳಗಿರುವ ಹುಡುಗರಲ್ಲೂ ಇದನ್ನು ಕಾಣುತ್ತೇನೆ. 300 ಎಂಎಲ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿಗೆ 5 ಗ್ರಾಂ ಮಿತಿ; ನೂಡಲ್ಸ್‌ನ ಒಂದು ಪ್ಯಾಕೆಟ್ಟಿನಲ್ಲೇ ಸುಮಾರು 2 ಗ್ರಾಂ ಹೋಯಿತು.

ಇದಕ್ಕೆ ಓಟ್ಸ್, ಆಲಿವ್ ಎಣ್ಣೆ ಏನೂ ಬೇಡ. ಧಾರವಾಡದ ಖಾನಾವಳಿಯ ಊಟ ನೋಡಿ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ, ಶೇಂಗಾ ಚಟ್ನಿಪುಡಿ, ಮೊಸರು. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಊಟವನ್ನು ನಾನಂತೂ ಬರೆದುಕೊಡಲಾರೆ. ಮಂಡ್ಯ, ಮೈಸೂರು ಕಡೆಯವರಿಗೆ ಮುದ್ದೆ, ಸೊಪ್ಪಿನ ಸಾರು ಇದೆ.

ಮೆಸ್ಸಿನಲ್ಲಿ ಅದೆಲ್ಲ ಎಲ್ಲಿ ಸಿಗುತ್ತೆ ಸಾರ್, ಅನ್ನುತ್ತಾರೆ. ನಿಜ. ಆದರೆ ಅನ್ನ ಅರ್ಧ ಹಾಕಿಸಿಕೊಂಡು ಪಲ್ಯ ಎರಡು ಸಲ ಕೇಳಬಹುದು, ಅಲ್ವಾ? ಸಾಂಬಾರನ್ನು ಪಾತ್ರೆಯ ತಳದಿಂದ ಬಡಿಸಲು ಹೇಳಿ, ಬೇಳೆ ಇರುವುದು ಅಲ್ಲೇ. ಪಫ್ಸ್ ಬದಲು ಒಂದು ಹಿಡಿ ಶೇಂಗಾ, ಒಂದು ಬಾಳೆಹಣ್ಣು. ಊರಿಂದ ಚಕ್ಕುಲಿ, ನಿಪ್ಪಟ್ಟಿನ ಡಬ್ಬಿ ಕಳಿಸುವ ಅಮ್ಮಂದಿರು ಹುರಿಗಡಲೆಯ ಡಬ್ಬಿಯನ್ನೂ ಜೊತೆಗಿಡಲಿ. ಇನ್ನು ಟೀ ಜೊತೆ ಸಿಗರೇಟು ಇದ್ದರೆ ಮೊದಲು ಬಿಡಬೇಕಾದದ್ದು ಅದೇ.

ಹದಿನೆಂಟು ದಾಟಿದವರು ಒಮ್ಮೆ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಅಪ್ಪನಿಗೋ ಅಣ್ಣನಿಗೋ 55ರ ಒಳಗೆ, ಅಮ್ಮನಿಗೋ ಅಕ್ಕನಿಗೋ 65ರ ಒಳಗೆ ಹೃದಯಾಘಾತ ಆಗಿದ್ದರೆ ಮುಂದಿನ ರಜೆವರೆಗೆ ಕಾಯಬೇಡಿ.