ಪೂರಿಮ್ ಓದು: ಜೆರುಸಲೇಮಿಗೆ ಮಾತ್ರ ಯಾಕೆ ಒಂದು ದಿನ ತಡ?

ಟೆಲ್ ಅವೀವ್‌ನಲ್ಲಿ ಯೆಹೂದ್ಯರ ಪೂರಿಮ್ ಹಬ್ಬದ ಗದ್ದಲ ಮುಗಿಯುವ ಹೊತ್ತಿಗೆ ಜೆರುಸಲೇಮಿನಲ್ಲಿ ಶುರುವಾಗುತ್ತದೆ. ನಡುವೆ ಇರುವುದು ಸುಮಾರು ಒಂದು ಗಂಟೆಯ ದಾರಿ. ದೇಶ ಒಂದೇ, ಪಂಚಾಂಗವೂ ಒಂದೇ. ಆದರೂ ಅಲ್ಲಿ ಹಬ್ಬ ಯೆಹೂದಿ ಪಂಚಾಂಗದ ಅದಾರ್ ತಿಂಗಳ 14ಕ್ಕೆ, ಇಲ್ಲಿ 15ಕ್ಕೆ.

ಈ ಹಬ್ಬದ ಮುಖ್ಯ ವಿಧಿ ಮೆಗಿಲ್ಲಾ, ಅಂದರೆ ಎಸ್ತೇರಳ ಕಥೆ ಇರುವ ಸುರುಳಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುವುದು. ಎರಡು ದಿನದ ಗೊಂದಲದ ಬೇರು ಆ ಕಥೆಯಲ್ಲೇ ಇದೆ. ಪರ್ಷಿಯಾದ ರಾಜ ಅಹಷ್ವೇರೋಷನ ರಾಜ್ಯದಲ್ಲಿ 127 ಪ್ರಾಂತ್ಯಗಳು. ಒಂದು ತುದಿಗೆ ಆಫ್ರಿಕಾದ ಕೂಷ್, ಇನ್ನೊಂದು ತುದಿಗೆ ನಮ್ಮ ಭಾರತ. ಅವನ ಮಂತ್ರಿ ಹಾಮಾನ್ ಯೆಹೂದ್ಯರನ್ನೆಲ್ಲ ಅದಾರ್ 13ರಂದು ಕೊಲ್ಲಿಸಲು ರಾಜಾಜ್ಞೆ ಹೊರಡಿಸುತ್ತಾನೆ. ರಾಣಿ ಎಸ್ತೇರ್ ತಾನೂ ಯೆಹೂದಿ ಎಂದು ಹೇಳಿಕೊಂಡು ಆಟ ತಿರುಗಿಸುತ್ತಾಳೆ. ಬೇರೆ ಊರುಗಳಲ್ಲಿ 13ರಂದು ಯೆಹೂದ್ಯರಿಗೂ ಅವರ ಶತ್ರುಗಳಿಗೂ ಕಾದಾಟ, 14ರಂದು ವಿಶ್ರಾಂತಿ. ರಾಜಧಾನಿ ಶೂಷನ್‌ನಲ್ಲಿ ಮಾತ್ರ ಕಾದಾಟ 14ರಂದೂ ನಡೆದು, ಜನ ಉಸಿರು ಬಿಟ್ಟಿದ್ದು 15ಕ್ಕೆ. ಗೋಡೆಯಿಲ್ಲದ ಊರುಗಳವರು 14ರಂದು ಹಬ್ಬ ಮಾಡುತ್ತಾರೆ ಎಂದೂ ಗ್ರಂಥ ಹೇಳುತ್ತದೆ. ಹಾಗಾದರೆ ಕೋಟೆಗೋಡೆ ಇರುವ ಊರುಗಳು ಶೂಷನ್ ಜೊತೆ 15ಕ್ಕೆ, ಅಲ್ವಾ?

ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿದ ಯೆಹೂದಿ ಕಾನೂನು ಸಂಗ್ರಹ ಮಿಷ್ನಾ ಇದನ್ನೇ ಕಾನೂನು ಮಾಡಿತು. ಜೊತೆಗೆ ಒಂದು ವಿಚಿತ್ರ ಷರತ್ತು ಹಾಕಿತು. ಗೋಡೆ ಈಗ ಇದ್ದರೆ ಸಾಲದು, ಎಸ್ತೇರಳ ಕಾಲದಲ್ಲಿ ಇದ್ದರೂ ಸಾಲದು. ಅದಕ್ಕಿಂತ ಎಷ್ಟೋ ಶತಮಾನ ಹಿಂದೆ, ಮೋಶೆಯ ನಂತರ ಜನರನ್ನು ಕಾನಾನ್ ನಾಡಿಗೆ ಕರೆತಂದ ಯೆಹೋಶುವನ ಕಾಲದಲ್ಲೇ ಇದ್ದಿರಬೇಕು! ಅಹಷ್ವೇರೋಷನ ಕಾಲವನ್ನೇ ಲೆಕ್ಕಕ್ಕೆ ಹಿಡಿಯೋಣ ಎಂದು ವಾದಿಸಿದ ರಬ್ಬಿ (ಯೆಹೂದಿ ಧರ್ಮಗುರು) ಒಬ್ಬರಿದ್ದರು. ನನಗೂ ಅದೇ ಸರಿ ಅನಿಸುತ್ತದೆ, ಆದರೆ ಅವರ ಮಾತು ನಡೆಯಲಿಲ್ಲ. ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ಜೆರುಸಲೇಮಿನ ತಾಲ್ಮುದ್ ಇದಕ್ಕೆ ಕೊಡುವ ಕಾರಣ ಹೀಗಿದೆ: ಎಸ್ತೇರಳ ದಿನಗಳಲ್ಲಿ ಇಸ್ರೇಲ್ ನಾಡು ಪಾಳುಬಿದ್ದಿತ್ತು. ಆಗಿನ ಗೋಡೆ ಎಣಿಸಿದರೆ ಪರ್ಷಿಯಾದ ಊರುಗಳಿಗೆ ಕೋಟೆ ಊರಿನ ಮರ್ಯಾದೆ, ಜೆರುಸಲೇಮಿಗೆ ಹಳ್ಳಿಯ ಲೆಕ್ಕ. ಆ ಅವಮಾನ ಬೇಡವೆಂದು ಯೆಹೋಶುವನ ಕಾಲವನ್ನು ಹಿಡಿದರು. ಶೂಷನ್‌ಗೆ ಮಾತ್ರ ವಿನಾಯಿತಿ ಸಿಕ್ಕಿತು, ಪವಾಡ ನಡೆದ ಜಾಗವಲ್ಲವೇ.

ಹಳ್ಳಿಗರಿಗೂ ಒಂದು ಸೌಲಭ್ಯವಿತ್ತು. ಸೋಮವಾರ, ಗುರುವಾರ ಅವರು ಪೇಟೆಗೆ ಬರುತ್ತಿದ್ದರು. ಆ ದಿನಗಳಲ್ಲೇ ನ್ಯಾಯಾಲಯ ಕೂರುತ್ತಿತ್ತು. ಹಾಗಾಗಿ 11, 12 ಅಥವಾ 13ಕ್ಕೇ ಮೆಗಿಲ್ಲಾ ಕೇಳಿ ಮುಗಿಸಬಹುದಿತ್ತು. ಹಬ್ಬದ ದಿನ ಪೇಟೆಯವರಿಗೆ ನೀರು, ಆಹಾರ ಒದಗಿಸಲು ಅವರು ಬಿಡುವಾಗಿರಲಿ ಎಂಬುದು ತಾಲ್ಮುದ್ ಕೊಡುವ ಒಂದು ವಿವರಣೆ. ಈ ಪದ್ಧತಿ ತಾಲ್ಮುದಿನ ಕಾಲಕ್ಕೇ ನಿಂತುಹೋಯಿತು.

ಓದುವ ರೀತಿಯ ನಿಯಮಗಳಂತೂ ಮಜವಾಗಿವೆ. ಚರ್ಮದ ಹಾಳೆಯ ಮೇಲೆ ಶಾಯಿಯಲ್ಲಿ ಕೈಬರಹದಿಂದ ಬರೆದ ಸುರುಳಿ ಬೇಕು. ಬಾಯಿಪಾಠ ಒಪ್ಪಿಸಿದರೆ ಲೆಕ್ಕಕ್ಕಿಲ್ಲ. ಹಿಂದುಮುಂದಾಗಿ ಓದಿದರೂ ಇಲ್ಲ. ತೂಕಡಿಸುತ್ತಾ ಓದಿದರೆ ಪರವಾಗಿಲ್ಲ ಎನ್ನುತ್ತದೆ ಮಿಷ್ನಾ! ಹಾಮಾನನ ಹತ್ತು ಮಕ್ಕಳ ಹೆಸರು ಒಂದೇ ಉಸಿರಿನಲ್ಲಿ ಬರಬೇಕು. ಹಾಮಾನನ ಹೆಸರು ಬಂದಾಗಲೆಲ್ಲ ಮಕ್ಕಳು ಗಿಲಕಿ ತಿರುಗಿಸಿ, ಕಾಲು ಬಡಿದು ಸದ್ದೆಬ್ಬಿಸುತ್ತಾರೆ. ಆದರೆ ಕೇಳುಗರಿಗೆ ಒಂದು ಪದವೂ ತಪ್ಪಬಾರದು. ಓದುವವರು ಗಲಾಟೆ ತಣ್ಣಗಾಗುವವರೆಗೂ ಕಾಯಲೇಬೇಕು.

ಇನ್ನು ಮೂರನೇ ಶತಮಾನದ ರಬ್ಬಿ ಯೆಹೋಶುವ ಬೆನ್ ಲೇವಿ. ಈ ಹಬ್ಬದ ಕಾನೂನಿನಲ್ಲಿ ಎಲ್ಲಿ ಕೈ ಹಾಕಿದರೂ ಇವರೇ ಸಿಗುತ್ತಾರೆ. ಮಿಷ್ನಾದಲ್ಲಿ ಓದು ಹಗಲಿನದು. ರಾತ್ರಿ ಓದಿ ಹಗಲು ಮತ್ತೆ ಓದಬೇಕು ಎಂದದ್ದು ಇವರು. ಕೋಟೆ ಊರಿಗೆ ಅಂಟಿಕೊಂಡ ಅಥವಾ ಅಲ್ಲಿಂದ ಕಾಣುವ ಜಾಗವೂ ಕೋಟೆ ಊರಿನ ಹಾಗೆಯೇ ಎಂದದ್ದೂ ಇವರೇ. ಇವರು ನೆಲೆಸಿದ್ದ ಊರು ಲೋದ್. ಅದಕ್ಕೂ ಯೆಹೋಶುವನ ಕಾಲದಿಂದ ಗೋಡೆ ಇತ್ತು ಎಂದು ಹೇಳಿದ್ದಾರೆ.

ಆದರೆ ಅಷ್ಟು ಹಳೆಯ ಗೋಡೆಗೆ ಸಾಕ್ಷಿ ಎಲ್ಲಿಂದ ತರುವುದು? ತಿಬೇರಿಯಸ್‌ನ ಕಥೆ ತಾಲ್ಮುದಿನಲ್ಲೇ ಇದೆ. ಅದರ ಒಂದು ಕಡೆ ಕೆರೆ ಇದೆ, ಕೆರೆಯನ್ನು ಗೋಡೆ ಎನ್ನಬಹುದೇ? ತೀರ್ಮಾನವಾಗದೆ ಅಲ್ಲಿ 14, 15 ಎರಡೂ ದಿನ ಓದಿದ ರಬ್ಬಿಗಳಿದ್ದರು. ಇಂದಿಗೂ ತಿಬೇರಿಯಸ್, ಯಾಫೋ, ಹೆಬ್ರೋನ್, ಲೋದ್‌ನಂಥ ಅನುಮಾನದ ಊರುಗಳಲ್ಲಿ 14ರಂದು ಆಶೀರ್ವಚನ ಹೇಳಿ ಓದುತ್ತಾರೆ. 15ರಂದು ಮತ್ತೆ ಓದುವವರು ಅದನ್ನು ಹೇಳುವುದಿಲ್ಲ. ಅನುಮಾನವಿಲ್ಲದೆ 15ಕ್ಕೆ ಮಾತ್ರ ಓದುವ ದೊಡ್ಡ ಊರು ಜೆರುಸಲೇಮ್ ಒಂದೇ. ಈಗ ಕಾಣುವ ಗೋಡೆ 16ನೇ ಶತಮಾನದಲ್ಲಿ ಸುಲ್ತಾನ್ ಸುಲೇಮಾನ್ ಕಟ್ಟಿಸಿದ್ದು, ಅದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಊರು ಬೆಳೆದಂತೆ ಹೊಸ ತಕರಾರು ಹುಟ್ಟಿತು. ರಾಮೋತ್‌ನಂಥ ಬಡಾವಣೆಗಳು ಕಣಿವೆಯ ಆಚೆ ಎದ್ದಾಗ, ಅವು ಜೆರುಸಲೇಮಿಗೆ ಅಂಟಿವೆಯೋ ಇಲ್ಲವೋ ಎಂದು ರಬ್ಬಿಗಳು ವಾದಕ್ಕೆ ಕೂತರು.

ಜೆರುಸಲೇಮಿನ 15 ಶನಿವಾರ ಬಿದ್ದರೆ ಇನ್ನೂ ಜಾಸ್ತಿ ಪೇಚಾಟ. ಶನಿವಾರ ಸಬ್ಬತ್, ಹೊರೆ ಹೊರಬಾರದ ವಿಶ್ರಾಂತಿ ದಿನ. ಅಂದು ಓದಲು ಬಾರದವನು ಕಲಿಯಲೆಂದು ಸುರುಳಿ ಎತ್ತಿಕೊಂಡು ಬೀದಿಗಿಳಿದಾನು, ಹೊರೆ ಹೊತ್ತ ತಪ್ಪಾದೀತು ಎಂದು ಬ್ಯಾಬಿಲೋನಿಯಾದ ರಬ್ಬಾ ಎಂಬ ಪಂಡಿತರು ಅಂದು ಓದನ್ನೇ ತಡೆದರು. ಹಾಗಾಗಿ ಶುಕ್ರವಾರ ಓದು, ಶನಿವಾರ ವಿಶೇಷ ಪ್ರಾರ್ಥನೆ, ಭಾನುವಾರ ಹಬ್ಬದೂಟ. 2021ರಲ್ಲಿ, 2025ರಲ್ಲಿ ಹೀಗೆ ಮೂರು ದಿನದ ಪೂರಿಮ್ ಬಂದಿತ್ತು.

ಬೆನ್ ಲೇವಿ ಹೇಳಿದ ಇನ್ನೊಂದು ಮಾತು ಈಗಲೂ ಕಾವು ಕಳೆದುಕೊಂಡಿಲ್ಲ. ಮಿಷ್ನಾಕ್ಕೆ ಪೂರಕವಾದ ಹಳೆಯ ತೊಸೆಫ್ತಾ ಸಂಗ್ರಹ ಹೆಂಗಸರಿಗೆ ಮೆಗಿಲ್ಲಾ ಕಡ್ಡಾಯವಲ್ಲ ಎನ್ನುತ್ತದೆ. ಇವರು ಕಡ್ಡಾಯ ಎಂದರು, ಯಾಕೆಂದರೆ ಆ ಪವಾಡದಲ್ಲಿ ಅವರೂ ಇದ್ದರು. ಕಥೆಯ ನಾಯಕಿಯೇ ಹೆಣ್ಣು, ಬೇರೆ ಹೇಳಲು ಸಾಧ್ಯವಿತ್ತೇ! ಕಡ್ಡಾಯವೇನೋ ಆಯಿತು, ಆದರೆ ಓದುವುದೋ, ಬರೀ ಕೇಳುವುದೋ? ಫ್ರಾನ್ಸಿನ ರಾಶಿ ಎಂಬ ವ್ಯಾಖ್ಯಾನಕಾರರು 11ನೇ ಶತಮಾನದಲ್ಲಿ, ಹೆಂಗಸು ಗಂಡಸರಿಗೂ ಓದಿ ಹೇಳಬಹುದು ಎಂದು ಬರೆದರು. ಅವರಿಗಿಂತ ಹಿಂದಿನ ‘ಹಲಾಖೋತ್ ಗೆದೋಲೋತ್’ ಎಂಬ ಕಾನೂನು ಗ್ರಂಥ ಅವಳ ಕರ್ತವ್ಯ ಕೇಳುವುದಷ್ಟೇ ಎಂದಿತ್ತು. 16ನೇ ಶತಮಾನದಲ್ಲಿ ಕ್ರಾಕೋವಿನ ರಬ್ಬಿ ಮೋಶೆ ಇಸೆರ್ಲೆಸ್, ತನಗಾಗಿ ಓದಿಕೊಳ್ಳುವ ಹೆಂಗಸು ‘ಮೆಗಿಲ್ಲಾ ಓದಲು’ ಎನ್ನುವ ಬದಲು ‘ಮೆಗಿಲ್ಲಾ ಕೇಳಲು’ ಎಂದು ಆಶೀರ್ವಚನ ಹೇಳಬೇಕು ಎಂಬ ಅಭಿಪ್ರಾಯವನ್ನು ದಾಖಲಿಸಿದರು. ಯೆಹೂದ್ಯರ ರಿಫಾರ್ಮ್, ಕನ್ಸರ್ವೇಟಿವ್ ಪಂಗಡಗಳಲ್ಲಿ ಈಗ ಯಾರು ಬೇಕಾದರೂ ಎಲ್ಲರಿಗಾಗಿ ಓದುತ್ತಾರೆ. ಸಂಪ್ರದಾಯ ಬಿಡದ ಆರ್ಥೊಡಾಕ್ಸ್ ಸಮುದಾಯಗಳಲ್ಲಿ ಹೆಂಗಸರು ಹೆಂಗಸರಿಗಾಗಿಯೇ ಓದುವ ಕೂಟಗಳು ಈಚಿನ ದಶಕಗಳಲ್ಲಿ ಹೆಚ್ಚಿವೆ. ಕೆಲವು ರಬ್ಬಿಗಳು ಒಪ್ಪುತ್ತಾರೆ, ಕೆಲವರು ಬೇಡ ಎನ್ನುತ್ತಾರೆ. ಒಪ್ಪಿದ ಕಡೆಯೂ ‘ಓದಲು’ ಎನ್ನಬೇಕೋ ‘ಕೇಳಲು’ ಎನ್ನಬೇಕೋ ಎಂಬ ಚರ್ಚೆ ಮುಗಿದಿಲ್ಲ.