ಸಿಮೆಂಟ್ ಹಾಕಿದ್ಮೇಲೂ ಸೋರೋ ಹಳೇ ತಾರಸಿಗಳ ಕಥೆ

ಮೈಸೂರಿನ ಅಗ್ರಹಾರದ ಬೀದಿಗಳಲ್ಲಿ, ಬೆಂಗಳೂರಿನ ಬಳೇಪೇಟೆ ಕಡೆ ಗಲ್ಲಿಗಳಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರೋ ಹಳೇ ಸಾಲುಮನೆಗಳು ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿವೆ. ಮಳೆಗಾಲದಲ್ಲಿ ಅಲ್ಲಿಯವರನ್ನ ಮಾತಾಡ್ಸಿದ್ರೆ ದೂರು ಒಂದೇ: "ಹೋದ್ವರ್ಷ ತಾನೇ ಮೇಲೆ ಸಿಮೆಂಟ್ ಹಾಕ್ಸಿದ್ವಿ, ಮತ್ತೆ ಶುರುವಾಯ್ತು." ಬಹಳ ಕಡೆ ಸೋರೋದಕ್ಕೆ ಆ ಸಿಮೆಂಟೇ ಕಾರಣ ಅಂದ್ರೆ ಮಾತ್ರ ಯಾರೂ ಒಪ್ಪಲ್ಲ.

ಈ ಮನೆಗಳಲ್ಲಿ ಸುಮಾರಷ್ಟಕ್ಕೆ ಇರೋದು ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ತೇಗದ ಜಂತೆ, ಅಂದ್ರೆ ಮರದ ತೊಲೆ, ಒಂದಕ್ಕೂ ಇನ್ನೊಂದಕ್ಕೂ ಅಡಿ ಒಂದೂವರೆ ಅಡಿ ಅಂತರ. ಅದರ ಮೇಲೆ ಒಂದಿಂಚು ದಪ್ಪದ ಪುಟ್ಟ ಇಟ್ಟಿಗೆಗಳನ್ನ ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕಚ್ಚಿಸ್ಕೊಂಡು ಹೋಗೋರು, ಕೆಳಗೆ ಸೆಂಟ್ರಿಂಗ್ ಗಿಂಟ್ರಿಂಗ್ ಏನೂ ಇಲ್ಲ. ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಕಲೆಸಿದ ಕಾಂಕ್ರೀಟು ಹರಡಿ, ಸಾಲಾಗಿ ಕೂತು ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿಯೋದು, ಮಧ್ಯೆ ಮಧ್ಯೆ ಬೆಲ್ಲ ಮತ್ತೆ ಅಳಲೆಕಾಯಿ ನೆನೆಸಿದ ನೀರು ಚಿಮುಕಿಸೋದು, ಕೊಡತಿ ಒಳಗೆ ಇಳಿಯದೆ ವಾಪಸ್ ಪುಟಿಯೋವರೆಗೂ ಬಿಡ್ತಿರಲಿಲ್ಲ. ಕೊನೆಗೆ ಚಪ್ಪಟೆ ಹೆಂಚು. ನಿಜ ಹೇಳ್ಬೇಕಂದ್ರೆ ನೀರು ತಡೀತಿದ್ದದ್ದು ಆ ಬಡಿತ.

ಇಳಿಜಾರು ಮಾಡಿನ ಕಥೆ ಬೇರೆ. ಕುಂಬಾರರು ಕೈಯಲ್ಲಿ ಮಾಡೋ ನಾಡಹೆಂಚಿನ ಮನೆಗಳಲ್ಲಿ ಪ್ರತೀ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಲೇಬೇಕು, ಮಿಕ್ಕಿದ್ದು ಕೋತಿಗಳು ನೋಡ್ಕೊಳ್ತವೆ. 1865ರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕೊಂಡಿ ಹಾಕ್ಕೊಳ್ಳೋ ಹೆಂಚು ಬಂತು, ಆ ಕಷ್ಟ ಎಷ್ಟೋ ಕಮ್ಮಿಯಾಯ್ತು. ಒಂದು ಹೆಂಚು ಒಡೆದ್ರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು. ತಾರಸಿಗೆ ಆ ಅನುಕೂಲ ಇಲ್ಲ.

ರಿಪೇರಿ ತಪ್ಪಿಹೋಗಿದ್ದಕ್ಕೆ ದುಡ್ಡಿನ ಕಾರಣಾನೂ ಇದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ್ಮೇಲೆ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದ್ವು, ಅನುಕೂಲ ಇದ್ದೋರು ಪೇಟೆ ಬಿಟ್ಟು ಅತ್ತ ಹೋದ್ರು, ಹಳೇ ಮನೆಗಳು ಬಾಡಿಗೆಗೆ ಬಿದ್ವು. ಆಮೇಲೆ 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಬಾಡಿಗೆ ಏರಿಸೋ ಹಾಗಿಲ್ಲ, ಬಿಡಿಸೋದು ಸುಲಭ ಇಲ್ಲ, ಅಂಥ ಮನೆಗೆ ಯಾವ ಓನರ್ ಕೈಯಿಂದ ಹಾಕಿ ಜಂತೆ ಬದಲಾಯಿಸ್ತಾನೆ? ಹೊಸ ಕಾಯ್ದೆ ಜಾರಿಗೆ ಬರೋ ಹೊತ್ತಿಗೆ 2001 ಮುಗೀತಾ ಇತ್ತು. ಅಷ್ಟರಲ್ಲಿ ಅಣ್ಣತಮ್ಮಂದಿರ ಪಾಲಾಗಿ ಒಂದೇ ತಾರಸಿಗೆ ನಾಲ್ಕು ಜನ ಹಕ್ಕುದಾರರು.

ಈ ಸಂದಿಯಲ್ಲೇ ಸಿಮೆಂಟ್ ನುಗ್ಗಿದ್ದು. ಬಡಿಯೋ ಕೂಲಿ ದುಬಾರಿ, ಗೊತ್ತಿರೋರೂ ಕಮ್ಮಿ, ಮೇಸ್ತ್ರಿ ಎರಡು ದಿನದಲ್ಲಿ ಮುಗಿಸ್ಕೊಡ್ತೀನಿ ಅಂತಾನೆ. ಸುಣ್ಣ ಮೆತ್ತಗಿನ ವಸ್ತು, ಬಿಸಿಲಿಗೆ ಮರ ಇಟ್ಟಿಗೆ ಹಿಗ್ಗಿ ಕುಗ್ಗಿದ್ರೆ ಅದರ ಜೊತೆ ಒಂಚೂರು ಹೊಂದ್ಕೊಳ್ಳುತ್ತೆ, ಒಳಗಿನ ತೇವಾನ ಹೊರಗೆ ಬಿಡುತ್ತೆ. ಸಿಮೆಂಟ್ ಗಟ್ಟಿ. ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಒಳಗೆ ತಗೊಳ್ಳುತ್ತೆ, ಆರೋಕೆ ಬಿಡಲ್ಲ. ಆ ತೇವ ಹೋಗಿ ಸೇರೋದು ಗೋಡೆಯೊಳಗೆ ಹೂತಿರೋ ಜಂತೆ ತುದಿಗೆ, ಹೊರಗಿಂದ ನೋಡಿದ್ರೆ ಮರ ಚೆನ್ನಾಗೇ ಇರುತ್ತೆ, ಒಳಗೆ ಹಿಟ್ಟು. ಇನ್ನು ಭಾರ: ಒಂದಿಂಚು ಸಿಮೆಂಟ್ ಗಾರೆ ಅಂದ್ರೆ ಚದರ ಮೀಟರಿಗೆ 50 ಕೆಜಿ ಮೇಲೆ, 10 ಅಡಿ ಅಗಲ 12 ಅಡಿ ಉದ್ದದ ರೂಮಿಗೆ ಅರ್ಧ ಟನ್ ಮೇಲೆ. ಸೋರಿದಾಗೆಲ್ಲ ಒಂದೊಂದು ಪದರ ಏರಿಸ್ತಾ ಹೋದ್ರೆ ಲೆಕ್ಕ ನೀವೇ ಹಾಕಿ.

2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ರು, 2016ರಲ್ಲಿ ದೇವರಾಜ ಮಾರ್ಕೆಟ್‌ನ ಒಂದು ಭಾಗ ಬಿತ್ತು. ಅವು ಮನೆಗಳಲ್ಲ, ಅಂಗಡಿ ಸಾಲುಗಳು. ಆದ್ರೆ ಕೆಡವಬೇಕಾ ರಿಪೇರಿ ಮಾಡಬೇಕಾ ಅನ್ನೋ ಜಗಳ ವರ್ಷಗಟ್ಟಲೆ ಎಳೀತು, ಅದನ್ನ ನೋಡಿದ ಮನೆಯವರು "ನಮಗೆ ಯಾಕೆ ಬೇಕು ಉಸಾಬರಿ, ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ಚಾವಣಿ) ಹಾಕ್ಸೋಣ" ಅಂದ್ರೆ ಬೈಯೋಕಾಗಲ್ಲ.

ಆದ್ರೆ ಸಾಲುಮನೇಲಿ ಆರ್‌ಸಿಸಿ ಹಾಕೋದೂ ಬರೀ ನಿಮ್ಮನೆ ವಿಷಯ ಅಲ್ಲ. ನಡುಗೋಡೆ ಮೇಲೆ ಪಕ್ಕದ ಮನೆ ಜಂತೆನೂ ಕೂತಿದೆ, ನೀವು ನಿಮ್ಮ ಚಾವಣಿ ಒಡೆಯೋವಾಗ ಆ ಗೋಡೆ ಅಲ್ಲಾಡಿದ್ರೆ ಅವರ ಕಡೆ ಬಿರುಕು. ನಿಮ್ಮದು ಒಂದಡಿ ಎತ್ತರ ಆದ್ರೂ ನೀರು ಅವರ ಕಡೆ, ಹೊಸದೂ ಹಳೇದೂ ಸೇರೋ ಆ ಸಂದಿಯೇ ಮುಂದೆ ಸೋರೋ ಜಾಗ.

ರಿಪೇರಿ ಮಾಡಿಸೋರು ಮೊದಲು ನೀರು ಹೋಗೋ ದಾರಿ ನೋಡ್ಲಿ, ಎಷ್ಟೋ ಸಲ ಕಟ್ಟಿಕೊಂಡ ಪೈಪು, ಪ್ಯಾರಪೆಟ್ ಬುಡದಲ್ಲಿ ಬೇರು ಬಿಟ್ಟ ಅರಳಿ ಗಿಡ ಇಷ್ಟೇ ಇರುತ್ತೆ. ಅದಲ್ಲದಿದ್ರೆ ಸಿಮೆಂಟ್ ಪದರ ಕೆರೆಸಿ, ಜಂತೆ ತುದಿ ಬಿಚ್ಚಿ ನೋಡಿ, ಹೋಗಿರೋದನ್ನ ಮಾತ್ರ ಬದಲಾಯಿಸಿ, ಮತ್ತೆ ಸುಣ್ಣದಲ್ಲೇ ಮಾಡಿಸ್ಬೇಕು. ಅಷ್ಟು ಭಾರ ಮೇಲಿರೋವಾಗ ಕೆಳಗೆ ಆನಿಕೆ ಕೊಡದೆ ಕೆರೆಯೋಕೆ ಯಾರಿಗೂ ಬಿಡಬೇಡಿ.